ಕಥೆಯಿಲ್ಲದ ದೇವತೆ

ಗ್ರೀಕರ ದೇವತೆಗಳ ಸಹವಾಸ ನನಗೆ ಬಹಳ ದಿನಗಳದು. ಬೇಸರವಾದಾಗ ಅವರ ಪುರಾಣವನ್ನು ತೆರೆದು ಕುಳಿತರೆ ಹೊತ್ತು ಹೋದದ್ದೇ ತಿಳಿಯದು. ಜ್ಯೂಸನ ಪ್ರಣಯ, ಹೇರಾದೇವಿಯ ಹೊಟ್ಟೆಕಿಚ್ಚು, ಪೊಸೈಡನ್ನನ ಮುನಿಸು, ಒಂದೇ ಎರಡೇ! ದೊಡ್ಡ ಅವಿಭಕ್ತ ಕುಟುಂಬವೊಂದರ ರಾದ್ಧಾಂತವೆಲ್ಲ ಅಲ್ಲಿದೆ. ಆದರೆ ಈಚೆಗೆ ನನ್ನ ಮನಸ್ಸು ಆ ಜಗಳಗಂಟರನ್ನು ಬಿಟ್ಟು, ಒಳಗೆ ಸದ್ದಿಲ್ಲದೆ ಕುಳಿತಿರುವ ಒಬ್ಬಳ ಕಡೆಗೆ ಹೊರಳುತ್ತಿದೆ. ಅವಳು ಹೆಸ್ಟಿಯಾ, ಒಲೆಯ ದೇವತೆ. ಗ್ರೀಕರ ಮಾತಿನಲ್ಲಿ ಒಲೆಗೂ ಅದೇ ಹೆಸರು.

ಇವಳು ಜ್ಯೂಸನ ಹಿರಿಯಕ್ಕ. ತಂದೆಯಾದ ಕ್ರೋನಸ್ ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಿದ್ದನಷ್ಟೆ. ಮೊದಲ ತುತ್ತಾದವಳು ಇವಳು. ಅವನು ಕಕ್ಕಿದಾಗ ಕೊನೆಗೆ ಹೊರಬಂದವಳೂ ಇವಳೇ. ಹಾಗಾಗಿ ಹಿರಿಯಳೂ ಹೌದು, ಕಿರಿಯಳೂ ಹೌದು. ಪೊಸೈಡನ್, ಅಪೊಲೊ ಇಬ್ಬರೂ ಇವಳ ಕೈಹಿಡಿಯಲು ಬಂದರು. ಇವಳು ಜ್ಯೂಸನ ತಲೆ ಮುಟ್ಟಿ, ಮದುವೆಯೇ ಬೇಡವೆಂದು ಆಣೆಯಿಟ್ಟಳು. ಅವನು ಒಪ್ಪಿ, ಮನೆಯ ನಟ್ಟನಡುವೆ ಅವಳಿಗೊಂದು ಪೀಠ ಕೊಟ್ಟ. ಕಥೆ ಅಲ್ಲಿಗೆ ಮುಗಿಯಿತು! ದೇವತೆಗಳು ರಥವೇರಿ ಆಕಾಶಸಂಚಾರಕ್ಕೆ ಹೊರಟಾಗ ಮನೆಯಲ್ಲಿ ಉಳಿದವಳು ಇವಳೊಬ್ಬಳೇ ಎನ್ನುತ್ತಾನೆ ಪ್ಲೇಟೊ. ಹೊಸಲು ದಾಟದವರಿಗೆ ಕಥೆ ಎಲ್ಲಿಂದ ಬರಬೇಕು?

ಇಂಥವರನ್ನು ನಾನು ಬಲ್ಲೆ. ನಮ್ಮ ದೊಡ್ಡತ್ತೆ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವರು ತೀರಿಕೊಂಡ ಮೇಲೆ ನಾವೆಲ್ಲ ಸೇರಿ ಅವರನ್ನು ನೆನೆಯಹೊರಟರೆ, ಹೇಳಲು ಒಂದು ಪ್ರಸಂಗವೂ ಸಿಕ್ಕಲಿಲ್ಲ. ಎಷ್ಟು ಹೊತ್ತಿಗೆ ಬಂದರೂ ಬಿಸಿನೀರಿತ್ತು, ಬಿಸಿ ಅನ್ನವಿತ್ತು. ಅಷ್ಟೆ.

ಕಥೆಯಿಲ್ಲದವಳೆಂದು ಗ್ರೀಕರು ಹೆಸ್ಟಿಯಾಳನ್ನು ಕಡೆಗಣಿಸಲಿಲ್ಲ. ಔತಣದಲ್ಲಿ ಮೊದಲ ದ್ರಾಕ್ಷಾರಸದ ಅರ್ಪಣೆ ಅವಳಿಗೆ, ಕೊನೆಯದೂ ಅವಳಿಗೆ. ಊರಿನ ಸಭಾಮಂದಿರದಲ್ಲಿ ಅವಳ ಬೆಂಕಿ ಆರದೆ ಉರಿಯಬೇಕು. ಹೊಸ ನಾಡಿನಲ್ಲಿ ನೆಲಸಲು ಹಡಗು ಹತ್ತುವವರು ತಾಯೂರಿನ ಆ ಒಲೆಯಿಂದಲೇ ಬೆಂಕಿಯನ್ನು ಒಯ್ಯಬೇಕು.

ಬಿ.ಎಂ.ಶ್ರೀ.ಯವರ 'ಪಾರಸಿಕರು' ನಾಟಕವನ್ನು ಓದಿದವರಿಗೆ ಗ್ರೀಕರಿಗೂ ಪಾರಸಿಕರಿಗೂ ನಡೆದ ಯುದ್ಧ ನೆನಪಿದ್ದೀತು. ಕ್ರಿ.ಪೂ. ೪೭೯ರಲ್ಲಿ ಪ್ಲಟೀಯದ ಬಯಲಿನಲ್ಲಿ ಗ್ರೀಕರು ಗೆದ್ದರು. ಗೆದ್ದ ಮೇಲೆ ಡೆಲ್ಫಿಯ ದೇವವಾಣಿ, ಶತ್ರುಗಳಿಂದ ನಾಡಿನ ಬೆಂಕಿ ಮೈಲಿಗೆಯಾಗಿದೆ, ಎಲ್ಲವನ್ನೂ ಆರಿಸಿ, ಡೆಲ್ಫಿಯ ಒಲೆಯಿಂದ ಮಡಿಯ ಬೆಂಕಿ ತನ್ನಿ ಎಂದಿತಂತೆ. ಯೂಕಿಡಸ್ ಎಂಬ ಪ್ಲಟೀಯದವನು ಓಡಿದ. ಹೋಗಿಬರುವ ದಾರಿ ಸಾವಿರ ಸ್ಟೇಡಿಯ, ಎಂದರೆ ಸುಮಾರು ೧೮೦ ಕಿಲೋಮೀಟರು. ಸೂರ್ಯ ಮುಳುಗುವ ಮೊದಲೇ ಹಿಂತಿರುಗಿ, ತನ್ನವರಿಗೆ ನಮಸ್ಕರಿಸಿ, ಬೆಂಕಿಯನ್ನು ಒಪ್ಪಿಸಿ, ಅಲ್ಲೇ ಬಿದ್ದು ಪ್ರಾಣಬಿಟ್ಟ. ಜನ ಅವನನ್ನು ಆರ್ಟೆಮಿಸ್ ದೇವಿಯ ಗುಡಿಯಲ್ಲಿ ಮಣ್ಣುಮಾಡಿ ಗೌರವಿಸಿದರು.

ಇದನ್ನು ಹೇಳಿದ ಪ್ಲುಟಾರ್ಕನೇ ಇನ್ನೊಂದು ಕಡೆ, ಬೇರೆ ಪ್ರಸಂಗದಲ್ಲಿ, ಒಂದು ಸಣ್ಣ ಸಂಗತಿಯನ್ನು ಹೇಳಿಬಿಡುತ್ತಾನೆ: ಡೆಲ್ಫಿಯಲ್ಲಿ, ಅಥೆನ್ಸಿನಲ್ಲಿ ಆ ಆರದ ಬೆಂಕಿಯನ್ನು ಕಾಯುತ್ತಿದ್ದವರು ಮದುವೆಯ ವಯಸ್ಸು ದಾಟಿದ ವಿಧವೆಯರು.

ಓಡಿದವನ ಹೆಸರನ್ನು ಅವನು ಬರೆದಿಟ್ಟಿದ್ದಾನೆ. ಅಂದು ಅವನು ಏದುಸಿರು ಬಿಡುತ್ತ ಬಂದು ನಿಂತಾಗ ಒಲೆಯಲ್ಲಿ ಬೆಂಕಿಯಿತ್ತಲ್ಲ, ಅದನ್ನು ಉಳಿಸಿಕೊಂಡಿದ್ದ ಹೆಂಗಸಿನ ಹೆಸರನ್ನು ಬರೆದಿಲ್ಲ.