ಒಲೆಯ ಹಿಂದಿನ ಗೋಡೆ

ಮನೆ ಕಟ್ಟಿಸುವವರು ಹೆಬ್ಬಾಗಿಲಿನ ವಿಷಯವಾಗಿ ಹತ್ತು ದಿನ ಯೋಚಿಸುತ್ತಾರೆ. ಹಜಾರದ ನೆಲಕ್ಕೆ ಯಾವ ಕಲ್ಲು ಹಾಸಬೇಕೆಂದು ಹತ್ತು ಮನೆಗಳನ್ನು ನೋಡಿ ಬರುತ್ತಾರೆ. ಒಲೆಯ ಹಿಂದೆ ನಿಲ್ಲುವ ಗೋಡೆಯ ನೆನಪು ಅವರಿಗೆ ಬರುವುದು ಕೈಯಲ್ಲಿದ್ದ ಹಣ ಕರಗುತ್ತ ಬಂದಾಗ. ಆ ಗೋಡೆಯಾದರೋ ಮನೆಯ ಗೋಡೆಗಳಲ್ಲೆಲ್ಲ ಹೆಚ್ಚು ಪಾಡುಪಡುವಂಥದು. ಸಾಸಿವೆ ಸಿಡಿದರೆ ಅದರ ಮೈಮೇಲೆ, ಸಾರು ಉಕ್ಕಿದರೆ ಅದರ ಮೈಮೇಲೆ. ಎಣ್ಣೆಯ ಹಬೆ, ಅರಿಸಿನದ ಕೈ, ಹುಣಿಸೆಯ ಹುಳಿ ಎಲ್ಲವೂ ಅದರ ಪಾಲಿಗೆ.

ಹಿಂದಿನ ಕಾಲದಲ್ಲಿ ಈ ಆಯ್ಕೆಗೆ ಅವಕಾಶವೇ ಇರಲಿಲ್ಲ. ಸೌದೆಯ ಒಲೆ ಉರಿಯುತ್ತಿದ್ದ ಅಡುಗೆಮನೆಯ ಬಣ್ಣವನ್ನು ಹೊಗೆಯೇ ಗೊತ್ತುಮಾಡುತ್ತಿತ್ತು. ತೊಲೆಗಳಿಂದ ಇಲ್ಲಣ ಜೋತಾಡುತ್ತಿತ್ತು. ಹಬ್ಬ ಹತ್ತಿರವಾದಾಗ ಗೋಡೆಗೆ ಸುಣ್ಣ ಬಳಿದು, ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ ಎಳೆದರೆ ಕೆಲವು ದಿನ ಬೆಳಕು. ಬಳಿಕ ಮತ್ತೆ ಮಸಿ. ಸೀಮೆಎಣ್ಣೆಯ ಸ್ಟೌವು ಬಂದು, ಅದರ ಹಿಂದೆ ಅನಿಲದ ಒಲೆಯೂ ಬಂದ ಮೇಲೆ (ಇಂಡೇನ್ ಅನಿಲ ಬಂದದ್ದು 1965ರಲ್ಲಿ) ಹೊಗೆ ಅಡಗಿತು. ನೆಲದ ಮೇಲೆ ಕುಳಿತು ಊದುಗೊಳವೆ ಹಿಡಿಯುತ್ತಿದ್ದವರು ಎದ್ದು ಕಟ್ಟೆಯ ಮುಂದೆ ನಿಂತರು. ಗೋಡೆ ಅವರ ಕಣ್ಣಿನ ಮಟ್ಟಕ್ಕೆ ಬಂದಿತು. ಅದು ಹೇಗಿರಬೇಕೆಂಬ ಪ್ರಶ್ನೆ ಹುಟ್ಟಿದ್ದು ಆಗ.

ಮೈಸೂರಿನ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸುತ್ತಿದ್ದ ಬ್ಯಾಂಕಿನ ನೌಕರರೊಬ್ಬರ ಸಂಸಾರದಲ್ಲಿ ಈ ಪ್ರಶ್ನೆ ಮೂರು ವಾರ ನಡೆಯಿತು. ಮಗನಿಗೆ ಕಪ್ಪು ಗ್ರಾನೈಟಿನ ಮೇಲೆ ಮನಸ್ಸು. ಕಟ್ಟೆಗೆ ಚಾಮರಾಜನಗರದ ಕಪ್ಪು ಕಲ್ಲನ್ನು ಹಾಕಿಸಿಯಾಗಿತ್ತು. ಅದನ್ನೇ ಗೋಡೆಗೂ ಏರಿಸಿದರೆ ಸಂದುಗಳಿಲ್ಲದೆ ಒಂದೇ ಹಾಸಾಗಿ ಕಾಣುವುದೆಂದೂ, ಕೊಳೆ ಎದ್ದು ಕಾಣುವುದಿಲ್ಲವೆಂದೂ ಅವನ ವಾದ. ನೆರೆಯವರೊಬ್ಬರು ಅಮೃತಶಿಲೆಯ ಹೆಸರೆತ್ತಿದರು. ಅದಕ್ಕೂ ಅಗ್ಗದ ಕಡಪದ ಕಲ್ಲಿಗೂ ಹುಳಿ ಆಗದು. ಎರಡೂ ಸುಣ್ಣದ ಜಾತಿಯವು. ನಿಂಬೆಯ ರಸ ಬಿದ್ದು ನಿಂತರೆ ಆ ಜಾಗದ ಹೊಳಪು ಹೋಗಿ ಮಾಸಿದ ಗುರುತು ಉಳಿಯುತ್ತದೆ. ಗ್ರಾನೈಟಿಗೆ ಆ ಭಯವಿಲ್ಲ. ಸ್ಟೀಲಿನ ತಗಡನ್ನು ಹೊದಿಸಬಹುದೆಂದು ಬಡಗಿ ಸೂಚಿಸಿದ. ಹೋಟೆಲಿನ ಅಡುಗೆಮನೆಯ ನೆನಪಾಗಿ ಮನೆಯವರೆಲ್ಲರೂ ನಕ್ಕುಬಿಟ್ಟರು.

ಸೊಸೆಗೆ ಟೈಲು ಬೇಕಾಗಿತ್ತು. ಜೇಡಿಮಣ್ಣಿನ ಬಿಲ್ಲೆಗೆ ಗಾಜಿನಂಥ ಲೇಪವನ್ನು ಕೊಟ್ಟು, ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ತಾಪದಲ್ಲಿ ಸುಟ್ಟಾಗ ಆ ಲೇಪ ಕರಗಿ ಮೈಗೆ ಅಂಟುತ್ತದೆ; ಅನಂತರ ಎಣ್ಣೆಯಾಗಲಿ ಅರಿಸಿನವಾಗಲಿ ಒಳಕ್ಕೆ ಇಳಿಯುವುದಿಲ್ಲ. ದೇಶದ ಟೈಲುಗಳಲ್ಲಿ ಬಹುಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತವೆ. ಅಂಗಡಿಗೆ ಹೋದರೆ ಕಣ್ಣು ಕೋರೈಸುವಷ್ಟು ಬಣ್ಣಗಳು. ಟೈಲಿನ ದೌರ್ಬಲ್ಯವಿರುವುದು ಅದರ ಮೈಯಲ್ಲಲ್ಲ, ಸಂದಿನಲ್ಲಿ. ಅವರ ಗೋಡೆ ಎಂಟು ಅಡಿ ಉದ್ದ, ಎರಡು ಅಡಿ ಎತ್ತರ. ಹಿಂದೆ ರೂಢಿಯಲ್ಲಿದ್ದ ಆರು ಅಂಗುಲದ ಚೌಕದ ಬಿಲ್ಲೆಗಳಾದರೆ ಅದಕ್ಕೆ 64 ಬೇಕು. ನಡುವಿನ ಸಂದುಗಳನ್ನು ಕೂಡಿಸಿದರೆ 54 ಅಡಿ. ಎರಡು ಅಡಿಗೆ ಒಂದು ಅಡಿಯ ಬಿಲ್ಲೆಗಳಾದರೆ ಎಂಟೇ ಸಾಕು. ಸಂದು 14 ಅಡಿ. ತಿಕ್ಕುವವರಿಗೆ 40 ಅಡಿಯ ಉಳಿತಾಯ! ಈ ಲೆಕ್ಕವನ್ನು ಮಾಡಿದವಳು ಸೊಸೆ. ಬ್ಯಾಂಕಿನವನಿಗೆ ಅದು ಹೊಳೆದಿರಲಿಲ್ಲ.

ಅದರಲ್ಲಿ ಅವನ ತಪ್ಪು ಹೆಚ್ಚೇನೂ ಇಲ್ಲ. ಒಲೆಯ ಮುಂದೆ ನಿಲ್ಲದವರು ಅಡುಗೆಮನೆಯ ವಿಷಯವನ್ನು ತೀರ್ಮಾನಿಸುವುದು ಬೇರೆ ದೇಶಗಳಲ್ಲಿಯೂ ಉಂಟು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ದುಡಿಯುವವರಿಗಾಗಿ ಕಟ್ಟಿದ ಮನೆಗಳಿಗೆ 1926ರಲ್ಲಿ ಮಾರ್ಗರೆಟ ಶುಟ್ಟೆ ಲಿಹೋಟ್‌ಸ್ಕಿ ಎಂಬ ವಾಸ್ತುಶಿಲ್ಪಿ ಪುಟ್ಟ ಅಡುಗೆಮನೆಯೊಂದನ್ನು ರೂಪಿಸಿದರು. ಅಡುಗೆ ಮಾಡುವವರ ಹೆಜ್ಜೆಹೆಜ್ಜೆಯನ್ನೂ ಎಣಿಸಿ ಮಾಡಿದ ಕೆಲಸವದು. ಕಪಾಟುಗಳಿಗೆ ನೀಲಿ ಬಣ್ಣವನ್ನು ಆರಿಸಿದ್ದೂ ಅಂದಕ್ಕಾಗಿ ಅಲ್ಲ. ನೀಲಿಯ ಮೇಲೆ ನೊಣ ಕೂರುವುದಿಲ್ಲವೆಂಬ ನಂಬಿಕೆಯಿಂದ. ಆದರೆ ಅದನ್ನು ರೂಪಿಸುವ ಮೊದಲು ತಾವು ಅಡುಗೆ ಮಾಡಿದವರೇ ಅಲ್ಲವೆಂದು ಆಕೆಯೇ ಮುಂದೆ ಒಪ್ಪಿಕೊಂಡರು. ಬಲ್ಲವರನ್ನು ಕೇಳಿ ತಿಳಿಯುವ ತಾಳ್ಮೆ ಅವರಿಗಿತ್ತೆಂದು ಕಾಣುತ್ತದೆ.

ಮೈಸೂರಿನ ಮನೆಯಲ್ಲಿ ಆ ತನಕ ಯಾರೂ ಕೇಳದೆ ಇದ್ದವರು ತಾಯಿ. ತಿಪಟೂರಿನ ಕಡೆಯ ಹಳ್ಳಿಯಲ್ಲಿ ಮೂವತ್ತು ವರ್ಷ ಸೌದೆಯ ಒಲೆ ಉರಿಸಿದವರು. ಈಗಲೂ ಬೆಳಗಿನ ಅಡುಗೆ ಅವರದೇ. ಕೊನೆಗೊಮ್ಮೆ ಮಗ ಕೇಳಿದಾಗ ಅವರೆಂದರು: "ಕೊಳೆ ಕಾಣದ ಗೋಡೆ ಯಾಕಪ್ಪ? ಕಂಡರಲ್ಲವೆ ಒರೆಸುವುದು?"

"ಕಪ್ಪು ಕಲ್ಲಾದರೆ ನಿನಗೆ ತಿಕ್ಕುವ ಕೆಲಸವೇ ತಪ್ಪುತ್ತದಲ್ಲಮ್ಮ" ಎಂದ ಮಗ, ಬಿಡದೆ ಅಂಗಡಿಯಿಂದ ಗ್ರಾನೈಟಿನ ತುಂಡೊಂದನ್ನೂ ಕೆನೆಬಣ್ಣದ ಟೈಲೊಂದನ್ನೂ ತಂದ. ಆಗಿನ್ನೂ ಇದ್ದದ್ದು ಬಾಡಿಗೆಮನೆಯಲ್ಲಿ. ಸಂಜೆ ತಾಯಿ ಸಾರಿಗೆ ಒಗ್ಗರಣೆ ಇಡುತ್ತಿದ್ದಾಗ ಕಪ್ಪು ಕಲ್ಲನ್ನು ಒಲೆಯ ಹಿಂದಕ್ಕೆ ಒರಗಿಸಿ, "ಈಗ ನೋಡು, ಎಷ್ಟು ಗಂಭೀರವಾಗಿದೆ!" ಎಂದ.

ಕಬ್ಬಿಣದ ಬಾಣಲೆಯ ಹಿಡಿ ಗೋಡೆಯ ಕಡೆಗೆ ತಿರುಗಿತ್ತು. ಸಾಸಿವೆ ಚಟಪಟಗುಟ್ಟಿತು. ತಾಯಿ ಬಟ್ಟೆಯ ತುಂಡನ್ನು ಹಿಡಿದು ಕೈ ಚಾಚಿದರು. ಕೈ ಹಿಡಿಯನ್ನು ಬಿಟ್ಟು ಗೇಣುದ್ದ ಪಕ್ಕದಲ್ಲಿ ಬರಿಯ ಗಾಳಿಯನ್ನು ಹಿಡಿಯಿತು. ಮತ್ತೆ ತಡವಿ, ಬಾಣಲೆಯ ಅಂಚಿಗೆ ತಗುಲಿತು. ಸೊಸೆ ಓಡಿಬಂದು ಕೈಗೆ ತಣ್ಣೀರು ಹೊಯ್ದಳು. "ಏನೂ ಆಗಿಲ್ಲ ಬಿಡಮ್ಮ" ಎಂದು ತಾಯಿ ಸೆರಗಿನಲ್ಲಿ ಬೆರಳನ್ನು ಮರೆಸಿಕೊಂಡರು.

ಮಗ ಕಪ್ಪು ಕಲ್ಲನ್ನು ತೆಗೆದು ಕೆನೆಬಣ್ಣದ ಟೈಲನ್ನು ಇಟ್ಟ. "ಅಮ್ಮ, ಹಿಡಿ ಎಲ್ಲಿದೆ, ತೋರಿಸು."

ಅವರು ತಡಮಾಡದೆ ತೋರಿಸಿದರು.

ಬಾಡಿಗೆಮನೆಯ ಗೋಡೆ ಬಿಳಿಯದು. ಅದರ ಮುಂದೆ ಕಪ್ಪು ಹಿಡಿ ತಾನಾಗಿ ಎದ್ದು ಕಾಣುತ್ತಿತ್ತು. ಆದ್ದರಿಂದಲೇ ಮನೆಯಲ್ಲಿ ಯಾರಿಗೂ ಏನೂ ತಿಳಿದಿರಲಿಲ್ಲ.

"ಎಷ್ಟು ದಿನದಿಂದ ಹೀಗೆ?"

"ಯುಗಾದಿಯಿಂದ ಸ್ವಲ್ಪ ಮಂಜುಮಂಜು. ಮನೆಯ ಖರ್ಚಿನ ನಡುವೆ ಇದನ್ನೊಂದು ಹೇಳುವುದೇ ಎಂದುಕೊಂಡೆ."

ಮಗ ಮಾತನಾಡಲಿಲ್ಲ. ಮೂರು ವಾರ ಗೋಡೆಯ ಬಣ್ಣವನ್ನು ಕುರಿತು ವಾದಿಸಿದವನಿಗೆ, ಆ ಗೋಡೆಯನ್ನು ದಿನವೂ ನೋಡಬೇಕಾದ ಕಣ್ಣುಗಳ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಗ್ರಾನೈಟಿನ ತುಂಡು ಅಂಗಡಿಗೆ ಹಿಂದಿರುಗಿತು. ಅದೇ ವಾರ ತಾಯಿಯನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದದ್ದಾಯಿತು. ಎರಡು ಕಣ್ಣಿಗೂ ಪೊರೆ ಬಂದಿತ್ತು.

ಹೊಸ ಮನೆಯ ಒಲೆಯ ಹಿಂದೆ ಕೆನೆಬಣ್ಣದ ದೊಡ್ಡ ಟೈಲುಗಳು ಎಂಟು ಬಂದವು. ಹೆಚ್ಚು ಹೊಳಪಿಲ್ಲದವನ್ನೇ ಆರಿಸಿದರು. ಮೇಲಿನ ದೀಪದ ಬೆಳಕು ಗೋಡೆಗೆ ಬಡಿದು ಕಣ್ಣಿಗೆ ಚುಚ್ಚಬಾರದೆಂದು ಸೊಸೆ ಹೇಳಿದ್ದಳು. ಸಂದಿಗೆ ಬೂದುಬಣ್ಣವನ್ನು ತುಂಬೋಣವೇ ಎಂದು ಗಾರೆಯವನು ಕೇಳಿದ. ಗೋಡೆ ಗೆರೆಗೆರೆಯಾಗಿ ಕಾಣುವುದೆಂದು ಮಗ ಬಿಳಿಯನ್ನೇ ತುಂಬಿಸಿದ. ಅವನ ಮಾತು ನಡೆದದ್ದು ಅದೊಂದರಲ್ಲಿ.

ಗೃಹಪ್ರವೇಶವಾಗಿ ಆರು ತಿಂಗಳೊಳಗೆ ತಾಯಿಯ ಎರಡು ಕಣ್ಣುಗಳ ಪೊರೆಯನ್ನೂ ಒಂದಾದ ಮೇಲೊಂದರಂತೆ ತೆಗೆದರು. ಅಡುಗೆಮನೆಗೆ ಹೋಗಬಹುದೆಂದು ವೈದ್ಯರು ಅನುಮತಿ ಕೊಟ್ಟ ದಿನ ಅವರು ನೇರವಾಗಿ ಕಟ್ಟೆಯ ಮುಂದೆ ಹೋಗಿ ನಿಂತರು. ಗೋಡೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು. ಆಮೇಲೆ ಬೆರಳಿನಿಂದ ಸಂದೊಂದನ್ನು ಮುಟ್ಟಿ, "ಇದೇನಿದು, ಸಂದುಸಂದಿನಲ್ಲೂ ಅರಿಸಿನ ಕೂತಿದೆಯಲ್ಲ! ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲವೆ?" ಎಂದರು.