ಗುಲಾಬ್, ಬೇಗಂ, ಲಾಲ್ ಖಾನ್

ಮೇಡ್ಲೇರಿ
10 ನವೆಂಬರ್ 2024, ಭಾನುವಾರ

ಸ್ಕಾಟ್ ತಂಡದಲ್ಲಿದ್ದ ಚೆರಿ-ಗರಾರ್ಡ್ 1922ರಲ್ಲಿ ಬರೆದ ಪುಸ್ತಕವನ್ನು ಮತ್ತೆ ಹಿಡಿದಿದ್ದೇನೆ. ದಕ್ಷಿಣ ಧ್ರುವದ ಪಾಠ ಬಂದಾಗಲೆಲ್ಲ ಹುಡುಗರಿಗೆ ಸ್ಕಾಟ್ ಮತ್ತು ಅಮುಂಡ್ಸೆನ್ ಕಥೆ ಹೇಳುತ್ತೇನೆ. ಯಾರು ಮೊದಲು ಮುಟ್ಟಿದರು, ಯಾರು ಸತ್ತರು ಎನ್ನುವಷ್ಟಕ್ಕೆ ಗಂಟೆ ಹೊಡೆಯುತ್ತದೆ. ಈ ಸಲ ನನ್ನ ಕಣ್ಣು ನಿಂತದ್ದು ಏಳು ಹೇಸರಗತ್ತೆಗಳ ಮೇಲೆ.

ಸ್ಕಾಟ್ ತಂಡದ ಎರಡನೇ ವರ್ಷದ ಕೆಲಸಕ್ಕೆಂದು ಅವು ಹೋದದ್ದು ನಮ್ಮ ಭಾರತದಿಂದ. ಪಳಗಿಸಿ, 1912ರ ಆರಂಭದಲ್ಲಿ ಟೆರ್ರಾ ನೋವಾ ಹಡಗಿನಲ್ಲಿ ಅಂಟಾರ್ಕ್ಟಿಕಾಕ್ಕೆ ಇಳಿಸಿದರು. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ, ಖಾನ್ ಸಾಹೇಬ್. ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಮೆಟ್ಟು, ಹಿಮದ ಮೇಲಿನ ಬಿಸಿಲಿನ ಹೊಳಪಿಗೆ ಕಣ್ಣಿಗೆ ಬಣ್ಣದ ಕನ್ನಡಕ.

ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಓದಿ ಹೇಳಿದೆ.

“ಕನ್ನಡಕ ಇರ್ಲಿ ಬಿಡೋ ತಮ್ಮಾ. ತಿನ್ನಾಕ ಏನ್ ಹಾಕ್ತಿದ್ರು?”

ಕೊಟ್ಟ ಮೇವು ಬಿಟ್ಟು ಚಹಾದ ಚರಟ, ತಂಬಾಕಿನ ಬೂದಿ, ಹಗ್ಗ ತಿನ್ನುತ್ತಿದ್ದವಂತೆ ಎಂದೆ. ಅಪ್ಪ ಲಾಳಿ ನಿಲ್ಲಿಸಿದ. “ಉಪ್ಪು ಸಾಲಂಗಿಲ್ಲ ಅವಕ್ಕ. ನಮ್ಮ ಕುರಿ ಗ್ವಾಡಿ ನೆಕ್ಕಂಗಿಲ್ಲೇನು, ಹಂಗ.” ಲಂಡನ್ನಿನ ಇತಿಹಾಸಕಾರರು ಇದನ್ನು ಒಪ್ಪುತ್ತಾರೋ ಬಿಡುತ್ತಾರೋ, ನನಗಂತೂ ಒಪ್ಪಿಗೆಯಾಯಿತು.

12 ನವೆಂಬರ್, ಮಂಗಳವಾರ

ಧ್ರುವದಿಂದ ಮರಳುವಾಗ ಸತ್ತ ಸ್ಕಾಟನ ಗುಡಾರ 1912ರ ಇದೇ ದಿನ ಸಿಕ್ಕಿತು. ಹುಡುಕಲು ಹೊರಟ ಅಟ್ಕಿನ್ಸನ್ ತಂಡದ ಸಾಮಾನು ಎಳೆದವುಗಳಲ್ಲಿ ಈ ಹೇಸರಗತ್ತೆಗಳೂ ಇದ್ದವು. ಒಳಗೆ ಸ್ಕಾಟ್, ವಿಲ್ಸನ್, ಬವರ್ಸ್ ಶವಗಳು. ಬವರ್ಸ್ ಅದಕ್ಕೂ ಮುಂಚೆ ರಾಯಲ್ ಇಂಡಿಯನ್ ಮೆರೈನ್‌ನಲ್ಲಿದ್ದವನು, ಬರ್ಮಾದ ಐರಾವತಿ ನದಿಯಲ್ಲಿ ದೋಣಿ ನಡೆಸಿದವನು. ದಾರಿಯಲ್ಲೇ ಗುಡಾರದಿಂದೆದ್ದು ಹಿಮದೊಳಗೆ ನಡೆದುಹೋದ ಓಟ್ಸ್ ಮಧ್ಯಭಾರತದ ಮಹೂ ದಂಡಿನ ಕುದುರೆ ಪಡೆಯವನು.

17 ನವೆಂಬರ್, ಭಾನುವಾರ

ಓಟ್ಸ್‌ನ ವಿಷಯ ಮುಗಿಯುವುದಿಲ್ಲ. ಕುದುರೆ ಬಲ್ಲ ಮನುಷ್ಯ. ತಂಡದ 19 ಕುದುರೆಗಳನ್ನು ಅವನ ಕೈಗೆ ಕೊಟ್ಟರು, ಆರಿಸುವ ಕೆಲಸ ಮಾತ್ರ ಕೊಡಲಿಲ್ಲ. ಬಂದವನ್ನು ನೋಡಿ ಮುದಿಗೊಡ್ಡುಗಳು ಎಂದು ಅವನಿಗೆ ಸಿಟ್ಟು. ಕುದುರೆಗೆ ಮೈಯೆಲ್ಲ ಬೆವರು. ಆ ಬೆವರು ಚರ್ಮದ ಮೇಲೇ ಹೆಪ್ಪುಗಟ್ಟುತ್ತದೆ. ನಾಯಿಗೆ ಆ ಕಾಟವಿಲ್ಲ, ನಾಲಗೆ ಚಾಚಿ ತೇಕಿದರೆ ಸಾಕು. ಮೇಲಾಗಿ ಅಲ್ಲಿ ಒಂದು ಹುಲ್ಲುಕಡ್ಡಿಯೂ ಬೆಳೆಯುವುದಿಲ್ಲ, ಕುದುರೆಯ ಮೇವನ್ನೆಲ್ಲ ಹಡಗಿನಲ್ಲೇ ತರಬೇಕು. ನಾಯಿಗೆ ಸೀಲ್ ಮಾಂಸ ಸಿಗುತ್ತದೆ.

1911ರ ಫೆಬ್ರವರಿಯಲ್ಲಿ ಒಂದು ಟನ್ ಸಾಮಾನನ್ನು 80ನೇ ಡಿಗ್ರಿ ಅಕ್ಷಾಂಶದಲ್ಲಿ ಕೂಡಿಡಬೇಕಿತ್ತು. ಕುದುರೆಗಳು ಸೋತವು. ಸೋತವನ್ನು ಕೊಂದು, ಉಳಿದವನ್ನು ಹೊಡೆದುಕೊಂಡು ಮುಂದೆ ಹೋಗೋಣ ಎಂದು ಓಟ್ಸ್. ಮೂಕಪ್ರಾಣಿಗೆ ಇಷ್ಟು ಹಿಂಸೆ ಸಾಕು ಎಂದು ಸ್ಕಾಟ್ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಮೊದಲೇ ಸಾಮಾನು ಇಳಿಸಿಬಿಟ್ಟ. ಮುಂದಿನ ವರ್ಷ ಧ್ರುವದಿಂದ ಹಿಂದಿರುಗುವಾಗ ಅವನ ಕೊನೆಯ ಗುಡಾರ ಬಿದ್ದದ್ದು ಆ ಜಾಗಕ್ಕೆ ಸುಮಾರು 20 ಕಿಲೋಮೀಟರ್ ಆಚೆ. ಓಟ್ಸ್ ಮಾತು ಕೇಳಿದ್ದರೆ ಬದುಕುತ್ತಿದ್ದರು ಎಂದು ಬರೆಯುವವರು ಬಹಳ. ಆ ಮಾರ್ಚ್ ತಿಂಗಳ ಚಳಿ, ಸೋರಿಹೋದ ಸೀಮೆಎಣ್ಣೆ, ಹೊಟ್ಟೆಗೆ ಸಾಲದ ಊಟ ಇವೆಲ್ಲ ಎಲ್ಲಿ ಹೋದವು?

ಅಪ್ಪನ ತೀರ್ಪು ಬೇರೆ. “ಸೋತ ದನಕ್ಕ ನೊಗಾ ಬಿಚ್ಚಾಕಬೇಕು. ಅಂವ ಮಾಡಿದ್ದು ಬರೋಬರಿ ಐತಿ. ಅಲ್ಲಿಗೆ ಕುದುರಿ ಒಯ್ದದ್ದ ತಪ್ಪು.”

ಅಮುಂಡ್ಸೆನ್ ಈ ತಪ್ಪನ್ನು ಮಾಡಲಿಲ್ಲ. ಕೆನಡಾದ ಉತ್ತರದಲ್ಲಿ ನೆಟ್‌ಸಿಲಿಕ್ ಜನರ ಮಧ್ಯೆ ಎರಡು ಚಳಿಗಾಲ ಕಳೆದು ತೊಗಲಿನ ಬಟ್ಟೆ, ನಾಯಿಬಂಡಿಯ ಕೆಲಸ ಕಲಿತಿದ್ದ. 52 ನಾಯಿಗಳೊಂದಿಗೆ ಹೊರಟು 1911ರ ಡಿಸೆಂಬರ್ 14ಕ್ಕೆ ಧ್ರುವ ಮುಟ್ಟಿದ. ವಾಪಸು ಬಂದ ನಾಯಿಗಳು 11. ಉಳಿದವುಗಳಲ್ಲಿ ಹೆಚ್ಚಿನವನ್ನು ಮೊದಲೇ ಹಾಕಿಟ್ಟ ಲೆಕ್ಕದ ಪ್ರಕಾರ ಕೊಂದು ತಾವೂ ತಿಂದು ಮಿಕ್ಕ ನಾಯಿಗಳಿಗೂ ಹಾಕಿದರು. ಇದನ್ನು ಅಪ್ಪನಿಗೆ ಹೇಳಲಿಲ್ಲ. ನಮ್ಮ ಹಟ್ಟಿಯ ನಾಯಿ ಅವನ ಪಕ್ಕದಲ್ಲೇ ಮಲಗಿತ್ತು.

1 ಡಿಸೆಂಬರ್, ಭಾನುವಾರ

ರಾತ್ರಿ ಮೋಡ. ಅಪ್ಪ ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿದ್ದ, ಒಣಗಲಿಲ್ಲ. ಅದೇ ಗೊಣಗಾಟದ ನಡುವೆ ಓದಿದ್ದು: 1911ರ ಚಳಿಗಾಲದಲ್ಲಿ ಪೆಂಗ್ವಿನ್ ಮೊಟ್ಟೆಗಾಗಿ ಮೂವರು ಕತ್ತಲಲ್ಲಿ ಐದು ವಾರ ನಡೆದರು, ಮೈನಸ್ 60ರ ಚಳಿ. ಮಲಗುವ ಚೀಲದೊಳಗೆ ಉಸಿರೂ ಬೆವರೂ ಮಂಜಾಗಿ ಕೂತು, ಅವರಲ್ಲೊಬ್ಬನಾದ ಚೆರಿ-ಗರಾರ್ಡನ 8 ಕಿಲೋದ ಚೀಲ 20 ಕಿಲೋ ಆಯಿತು. ತಂದದ್ದು ಮೂರು ಮೊಟ್ಟೆ. ಮಳೆಯಲ್ಲಿ ತೊಯ್ದ ಕಂಬಳಿ ಹೊತ್ತು ಕುರಿ ಹಿಂದೆ ನಡೆದವರಿಗೆ ಆ ಭಾರವನ್ನು ವಿವರಿಸುವ ಅಗತ್ಯವಿಲ್ಲ.

18 ಡಿಸೆಂಬರ್, ಬುಧವಾರ

ಹುಡುಗಿಯೊಬ್ಬಳು ಕೇಳಿದಳು: “ಸರ್ರ, ನಮ್ಮ ಕಡೆಯವ್ರು ಯಾರೂ ಹೋಗಿಲ್ಲೇನ್ರೀ?”

ಹೋಗಿದ್ದಾರೆ ಎಂದೆ. ಅಂಟಾರ್ಕ್ಟಿಕಾಕ್ಕೆ ಭಾರತದ ಮೊದಲ ತಂಡ 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟಿತು. ವಿಜ್ಞಾನಿ ಖಾಸಿಂ ನಾಯಕತ್ವ, 21 ಜನ, ಜನವರಿ 9ಕ್ಕೆ ಮಂಜಿನ ಮೇಲೆ ಕಾಲು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಅಂಟಾರ್ಕ್ಟಿಕಾ ತಂಡಗಳಿಗೆ ಊಟ ತಯಾರಿಸಿ ಕೊಟ್ಟಿದೆ ಎಂದಾಗ ಇಡೀ ತರಗತಿ ನೆಟ್ಟಗೆ ಕೂತಿತು. ಕಳೆದ ವರ್ಷ ಇದೇ ದಿನ ಭಾರತದ ಮೊದಲ ಚಳಿಗಾಲದ ಉತ್ತರಧ್ರುವ ಪ್ರದೇಶದ ತಂಡಕ್ಕೆ ಬಾವುಟ ತೋರಿಸಿದರು. ಸ್ವಾಲ್‌ಬಾರ್ಡಿನ ಹಿಮಾದ್ರಿ ಕೇಂದ್ರಕ್ಕೆ. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಇತ್ತು. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಕ್ಷೀಣ ರೇಡಿಯೊ ಸಂಕೇತ ಹಿಡಿಯಲು ಅಲ್ಲಿ ಗದ್ದಲ ಎಷ್ಟು ಕಡಿಮೆ ಎಂದು ಅಳೆಯುವ ಕೆಲಸ.

ಸಂಜೆ ಅಪ್ಪನಿಗೆ ಇನ್ನೊಂದು ಸುದ್ದಿ ಹೇಳಿದೆ: 1994ರಿಂದ ಅಂಟಾರ್ಕ್ಟಿಕಾಕ್ಕೆ ನಾಯಿ ತರುವಂತಿಲ್ಲ, ಅವುಗಳ ರೋಗ ಸೀಲ್‌ಗಳಿಗೆ ತಗಲೀತೆಂದು ಇದ್ದವನ್ನೂ ಹೊರಗೆ ಸಾಗಿಸಿದರು.

“ನಾಯಿ ಇಲ್ಲದ ಸೀಮಿ ಅಂದ್ರ ಎಂಥಾದ್ದೋ,” ಎಂದ ಅಪ್ಪ. “ರಾತ್ರಿ ಯಾರ್ ಕಾಯ್ತಾರ?”

ಕಾಯುವುದಕ್ಕೆ ಅಲ್ಲಿ ಏನಿದೆ ಎಂದು ನಾನು ಕೇಳಿದ್ದಕ್ಕೆ, ಏನೂ ಇಲ್ಲದ ಕಡೆ ಅಷ್ಟು ಮಂದಿ ಸಾಯಾಕ ಯಾಕ ಹೋದರು ಎಂದು ಜಗಳಕ್ಕೇ ಬಂದ.