ಹಲಗಲಿ ಬೇಡರ ಬಂದೂಕು

ಹಲಗಲಿ ಬೇಡರು ಅಂದ್ರೆ ಬಹಳ ಜನಕ್ಕೆ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕ ನೆನಪಾಗುತ್ತೆ. ಘಟಪ್ರಭಾ ಕಡೆಯ ನಮಗೆ ಅದು ಹೊಳೆಯ ಕೆಳಗಿನ ಸೀಮೆಯ ಕಥೆ. ಇದೇ ಹೊಳೆ ಮುಂದೆ ಮುಧೋಳಕ್ಕೆ ಹೋಗುತ್ತೆ, ಹಲಗಲಿ ಅದೇ ತಾಲ್ಲೂಕಿನ ಊರು.

1857ರಲ್ಲಿ ಕಂಪನಿ ಸರಕಾರ, ಪರವಾನಗಿ ಇಲ್ಲದ ಆಯುಧಗಳನ್ನೆಲ್ಲ ತಂದೊಪ್ಪಿಸಿ ಅಂತ ಕಾಯ್ದೆ ಮಾಡ್ತು. ಬೇಡರಿಗೆ ಬಂದೂಕು, ಕತ್ತಿ ಅಂದ್ರೆ ಬೇಟೆ, ಕಾವಲು, ಹೊಟ್ಟೆಪಾಡು. ರೈತನಿಗೆ ನೇಗಿಲು ತಂದು ಕಚೇರೀಲಿಡು ಅಂದಂಗಾಯ್ತು! ಕೊಡಲ್ಲ ಅಂದ್ರು. ನವೆಂಬರ್‌ನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಆಮೇಲೆ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರಿಗೆ ಗಲ್ಲು. ಜಡಗ, ಬಾಲ, ರಾಮರ ಹೆಸರು ಲಾವಣಿಯಲ್ಲಿ ಉಳೀತು. (ಆ ಲಾವಣಿ ಸಂಗ್ರಹಿಸಿ ಅಚ್ಚು ಹಾಕಿಸಿದ್ದು ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ!)

ನನ್ನನ್ನ ಕಾಡೋದು ಇನ್ನೊಂದು ವಿಷಯ. ನಾಲ್ಕೇ ವರ್ಷದಲ್ಲಿ, 1861ರಲ್ಲಿ, ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಸಿಕ್ತು. ಕಾರಣ, ಸರಕಾರಕ್ಕೆ ತೋರಿಸಿದ ನಿಷ್ಠೆ. 2019ರಲ್ಲಿ ಅದನ್ನ ಮತ್ತೆ ಹತ್ತು ವರ್ಷ ಮುಂದುವರಿಸಿದ್ದಾರೆ. ಅವರ ಕೋವಿ ಅವರ ಮನೇಲಿರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಹಲಗಲಿಯವರು ಕೇಳಿದ್ದೂ ಅಷ್ಟೇ ತಾನೇ?

ಅಂದಹಾಗೆ, ಆ ಲಾವಣೀನ ಪೂರ್ತಿ ಹಾಡೋರು ಯಾರಾದ್ರೂ ಗೊತ್ತಿದ್ರೆ ತಿಳಿಸ್ರಿ.